ಎರಡನೆಯ ಹಾಳೆ

ಹೋದ ಬೇಸಿಗೆಯಲ್ಲಿ ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬ ಹುಡುಗ ತನ್ನ ತಾಯಿಯನ್ನು ಕರೆದುಕೊಂಡು ಕೊಟ್ಟೂರಿನ ನಮ್ಮ ಮನೆಗೆ ಬಂದ. ಬಾಡಿಗೆ ಲಗೇಜ್ ಆಟೋ ಓಡಿಸುವವನು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಎರಡು ಕಾಗದ. ಒಂದು ಬ್ಯಾಂಕಿನ ನೋಟಿಸು. ಮನೆಯ ಮೇಲಿನ ಸಾಲದ ಕಂತು ತಪ್ಪಿದೆ, ಅರವತ್ತು ದಿನದೊಳಗೆ ಪೂರಾ ಬಾಕಿ ಕಟ್ಟದಿದ್ದರೆ ಮನೆ ವಶಕ್ಕೆ ತಗೊಳ್ಳುತ್ತೇವೆ ಅಂತ. ಇನ್ನೊಂದು ಕಂಪ್ಯೂಟರಿನಲ್ಲಿ ಟೈಪು ಮಾಡಿಸಿದ ಕರಡು.

"ತಾತಾ, ಊರಾಗ ಒಬ್ರು ಅದಾರ. ಬ್ಯಾಂಕಿನ ಸಾಲ ಅವ್ರ ಕಟ್ತಾರಂತ. ಮನಿ ಸುಮ್ನ ಅವ್ರ ಹೆಸರಿಗೆ ಮಾಡಿಕೊಡಬೇಕಂತ. ಎರಡು ವರ್ಷದಾಗ ರೊಕ್ಕ ಮುಟ್ಟಿಸಿದ್ರ ತಿರುಗಿ ನಮ್ಮ ಹೆಸರಿಗೇ ಬರಕೊಡ್ತಾರಂತ. ನಂಬಿಕಿ ಮ್ಯಾಲಿನ ವ್ಯವಹಾರ."

ಕನ್ನಡಕ ಹಾಕಿಕೊಂಡು ಕರಡು ಓದಿದೆ. ಅಕ್ಷರ ನುಡಿ ತಂತ್ರಾಂಶದ್ದು, ಹಾಳೆ ಹೊಸದು. ವಾಕ್ಯಗಳು ಮಾತ್ರ ನಮ್ಮಪ್ಪನವು. "ಈ ದಿವಸ ಸಾಕ್ಷಿದಾರರ ಸಮಕ್ಷಮ ಕ್ರಯದ ಹಣ ನಗದಾಗಿ ಮುಟ್ಟಿರುತ್ತದೆ", "ಇನ್ನು ಮುಂದೆ ಸದರಿ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕುಬಾಧ್ಯತೆಯೂ ಇರುವುದಿಲ್ಲ". ಇವನ್ನು ಅಪ್ಪ ಬರೆದರು, ನಾನೂ ನಲವತ್ತು ವರ್ಷ ಬರೆದೆ.

ನಾನು ಪತ್ರ ಬರೆಯುವವನು. ಜನ ಬಾಂಡ್ ರೈಟರ್ ಅನ್ನುತ್ತಾರೆ. ಹಳೆಯ ಪತ್ರಗಳ ಕೊನೆಯಲ್ಲಿ ಸಾಕ್ಷಿದಾರರ ರುಜು ಆದಮೇಲೆ 'ಬಿಕ್ಕಲಂ' ಅಂತ ಒಂದು ಮಾತಿರುತ್ತದೆ, ಅದರ ಮುಂದೆ ಬರೆದವನ ಹೆಸರು. 'ಇಂಥವನ ಕಲಮಿನಿಂದ' ಅಂತ ಅದರ ಅರ್ಥ. ಬಿನ್, ಕೋಂ, ಚಕ್ಕುಬಂದಿ, ಬಿಕ್ಕಲಂ: ಈ ನಾಲ್ಕು ಕಲಿತರೆ ಅರ್ಧ ವಿದ್ಯೆ ಬಂತು ಅಂತ ಅಪ್ಪ ಹೇಳುತ್ತಿದ್ದರು. ತಾಲ್ಲೂಕು ಕಚೇರಿಯ ಬೇವಿನ ಮರದ ಕೆಳಗೆ ಅವರದೊಂದು ಇಳಿಜಾರು ಮೇಜು, ಮಸಿ ಕುಡಿಕೆ, ಹೆಬ್ಬೆಟ್ಟಿನ ಪ್ಯಾಡು, ಪ್ಯಾಡಿನ ಪಕ್ಕ ಬೆರಳೊರೆಸಲು ಒಂದು ಅರಿವೆ ತುಂಡು. ಆ ಅರಿವೆ ಹೊತ್ತು ಮುಳುಗುವುದರೊಳಗೆ ನೀಲಿಗಟ್ಟಿರುತ್ತಿತ್ತು. ಮೇಲಿಂದ ಮೇಲೆ ಬರ ಬೀಳುವ ನಮ್ಮ ಕಡೆ ಪತ್ರ ಬರೆಯುವವನಿಗೆ ಕೆಲಸ ಜಾಸ್ತಿಯಾಗುವುದು ಮಳೆ ಕೈಕೊಟ್ಟ ವರ್ಷ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಅಪ್ಪನ ಟ್ರಂಕಿನಲ್ಲಿ ಹಳೆಯ ಕರಡುಗಳ ಕಟ್ಟು ಇನ್ನೂ ಇದೆ. ತಲೆಬರಹ ನೋಡಿದರೆ ನಮ್ಮ ಸೀಮೆಯ ಚರಿತ್ರೆಯೇ ಸಿಗುತ್ತದೆ. ಮೊದಲಿನವು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವು. 1953ರ ಅಕ್ಟೋಬರ್ 1ರಿಂದ ಮೈಸೂರು ರಾಜ್ಯ. 1973ರಿಂದ ಕರ್ನಾಟಕ. ಹರಪನಹಳ್ಳಿಯವರು 1997ರಲ್ಲಿ ದಾವಣಗೆರೆ ಜಿಲ್ಲೆ ಅಂತ ಬರೆದುಕೊಂಡರು, ಮತ್ತೆ ಬಳ್ಳಾರಿಗೆ ಬಂದರು. ಈಗ 2021ರಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಹೊಸಪೇಟೆಯ ಜೊತೆ ವಿಜಯನಗರ ಜಿಲ್ಲೆ. ತಲೆಬರಹ ಇಷ್ಟು ಸಲ ಬದಲಾದರೂ ಕೆಳಗಿನ ಒಕ್ಕಣೆಯ ಒಂದು ಸಾಲೂ ಬದಲಾಗಲಿಲ್ಲ.

ಎಲ್ಲ ಸಾಲದ ಪತ್ರವೂ ಮೋಸದ್ದಲ್ಲ. ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು ಭೋಗ್ಯ. ಹೊಲ ಸಾಲ ಕೊಟ್ಟವನ ಸ್ವಾಧೀನಕ್ಕೆ ಹೋಗುತ್ತದೆ, ಬೆಳೆ ಅವನು ಉಣ್ಣುತ್ತಾನೆ, ಬಡ್ಡಿಗೆ ಅದೇ ಸರಿ. ಅಸಲು ತಂದಿಟ್ಟ ದಿನ ಹೊಲ ವಾಪಸು. ಇದು ಬಹಳ ಹಳೆಯ ಮಾತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ವಿಜ್ಞಾನೇಶ್ವರ ಮಿತಾಕ್ಷರ ಬರೆದನಲ್ಲ, ಅವನು ವ್ಯಾಖ್ಯಾನ ಮಾಡಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಒತ್ತೆಯ ನಿಯಮವಿದೆ. ಬರೀ ಇಟ್ಟುಕೊಳ್ಳುವ ಒತ್ತೆಯನ್ನು ಸಾಲ ಇಮ್ಮಡಿಯಾದರೂ ಬಿಡಿಸಿಕೊಳ್ಳದಿದ್ದರೆ ಅದು ಕೈತಪ್ಪುತ್ತದೆ. ಫಲ ಉಣ್ಣುವ ಒತ್ತೆ ಮಾತ್ರ ಎಂದೂ ಮುಳುಗುವುದಿಲ್ಲ. ಇಂಗ್ಲಿಷರ ಕಾಲದಲ್ಲಿ ಬಿಡಿಸಿಕೊಳ್ಳಲು 60 ವರ್ಷದ ಗಡುವು ಬಂತು, 1963ರ ಕಾಯ್ದೆ ಅದನ್ನು 30ಕ್ಕೆ ಇಳಿಸಿತು. ಮೂವತ್ತು ತುಂಬಿತು, ಇನ್ನು ಹೊಲ ನಮ್ಮದೇ ಅಂತ ಎದೆ ತಟ್ಟಿಕೊಂಡ ಸಾಹುಕಾರರನ್ನು ನಾನೇ ನೋಡಿದ್ದೇನೆ. 2014ರಲ್ಲಿ ಸಿಂಗ್ ರಾಮ್ ಅನ್ನುವವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಸ್ವಾಧೀನ ಭೋಗ್ಯದಲ್ಲಿ ಪತ್ರ ಬರೆದ ದಿನದಿಂದ ಮೂವತ್ತು ವರ್ಷ ಎಣಿಸುವಂತಿಲ್ಲ, ಹಣ ತೀರಿದ ದಿನ ಹಕ್ಕು ಹುಟ್ಟುತ್ತದೆ. ಒಂಬೈನೂರು ವರ್ಷ ಸುತ್ತಿ ವಿಜ್ಞಾನೇಶ್ವರನ ಹತ್ತಿರವೇ ಬಂದು ನಿಂತರು ಅಂತ ನನಗೆ ಅನ್ನಿಸಿತು. ವಕೀಲರೊಬ್ಬರಿಗೆ ಇದನ್ನು ಹೇಳಿದೆ, ಅವರು ನಕ್ಕುಬಿಟ್ಟರು.

ಮೋಸ ಹೊಕ್ಕಿದ್ದು ಕ್ರಯದಲ್ಲಿ.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು 1807ರವರೆಗೆ ಇದ್ದು ರೈತವಾರಿ ಮಾಡಿದ. ಹೊಲ ಇಂಥವನದು, ತೀರುವೆ ಇಷ್ಟು ಅಂತ ಒಬ್ಬೊಬ್ಬ ರೈತನ ಹೆಸರಿಗೆ ಲೆಕ್ಕ ಆಯಿತು. ಒಳ್ಳೆಯದೇ. ಆದರೆ ಒಬ್ಬನ ಹೆಸರಿಗೆ ನಿಂತ ಹೊಲವನ್ನು ಅದೇ ಒಬ್ಬನ ಹೆಬ್ಬೆಟ್ಟಿನಿಂದ ಬಿಡಿಸಲೂ ಬರುತ್ತದೆ. ಆಮೇಲೆ 1876ರ ಧಾತು ಸಂವತ್ಸರದ ಬರ. ಮದ್ರಾಸ್ ಪ್ರಾಂತ್ಯದಲ್ಲಿ ಅದರ ಹೊಡೆತ ಅತಿ ಕೆಟ್ಟದಾಗಿ ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಧಾತು ಬರ ಅಂದರೆ ನಮ್ಮ ಅಜ್ಜಿ ಮಾತು ನಿಲ್ಲಿಸಿ ಕೈ ಮುಗಿಯುತ್ತಿದ್ದಳು, ಅವಳು ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಬರ ಕಳೆದ ಮೇಲೆ 1882ರಲ್ಲಿ ಸ್ವತ್ತು ವರ್ಗಾವಣೆ ಕಾಯ್ದೆ ಬಂತು. ಅದರ 58ನೆಯ ಕಲಮಿನಲ್ಲಿ ಭೋಗ್ಯವೂ ಇದೆ, 'ಷರತ್ತಿನ ಕ್ರಯದ ಅಡಮಾನ' ಅನ್ನುವುದೂ ಇದೆ. ಅಂದರೆ, ಮಾರಿದಂತೆ ಬರೆದುಕೊಡುವುದು, ಇಂಥ ದಿನಕ್ಕೆ ಹಣ ಕೊಟ್ಟರೆ ಮಾರಾಟ ರದ್ದು ಅಂತ ಅದಕ್ಕೊಂದು ಷರತ್ತು ಹಾಕುವುದು. ನಮ್ಮಲ್ಲಿ ಇದಕ್ಕೆ ಮುದ್ದತಿನ ಕ್ರಯ ಅಂದವರಿದ್ದರು, ನಂಬಿಕೆ ಕ್ರಯ ಅಂದವರಿದ್ದರು.

ಇಲ್ಲಿ ಹೊಳೆಯ ಮಾತೊಂದು ಹೇಳಬೇಕು. ಹಡಗಲಿ ತಾಲ್ಲೂಕಿನ ಮಗ್ಗುಲಿಗೆ ತುಂಗಭದ್ರೆ. ಮೈಲಾರದ ಕಾರಣಿಕ ಕೇಳಲು ಆಚೆ ದಂಡೆಯವರು ಇವತ್ತೂ ಈಚೆಗೆ ಬರುತ್ತಾರೆ, ಬೀಗತನವೂ ಉಂಟು. ಆ ಕಾಲಕ್ಕೆ ಆಚೆ ದಂಡೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ, ಈಚೆ ದಂಡೆ ಮದ್ರಾಸ್. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಅನ್ನುವ ಊರಲ್ಲಿ ರೈತರು ಎದ್ದರು. ಸಾಹುಕಾರರ ಮೇಲೆ ಬಿದ್ದವರು ಹುಡುಕಿದ್ದು ಸಾಲದ ಪತ್ರಗಳನ್ನು. ಅವನ್ನು ಸುಟ್ಟರು. ಅದರ ಬಿಸಿಗೆ 1879ರಲ್ಲಿ ಡೆಕ್ಕನ್ ಕೃಷಿಕರ ಪರಿಹಾರ ಕಾಯ್ದೆ ಬಂತು, ಮುಂದೆ ಅದು ಧಾರವಾಡದವರೆಗೂ ಹಬ್ಬಿತು. ಪತ್ರದಲ್ಲಿ ಏನೇ ಬರೆದಿರಲಿ, ಬಾಯಿಸಾಕ್ಷಿ ಕೇಳಿ, ಇದು ನಿಜವಾಗಿ ಮಾರಾಟವೋ ಸಾಲವೋ ಅಂತ ಕೆದಕಿ ನೋಡುವ ಅಧಿಕಾರ ಅಲ್ಲಿನ ಕೋರ್ಟಿಗೆ ಸಿಕ್ಕಿತು. ನಮ್ಮ ತೆಂಕಲಿನ ಜಗಳೂರು, ಮೊಳಕಾಲ್ಮೂರು ಮೈಸೂರು ಸಂಸ್ಥಾನ. ಅಲ್ಲೂ 1928ರಲ್ಲಿ ಅದೇ ಜಾಡಿನ ಕಾಯ್ದೆ ಆಯಿತು. ನಮಗೆ ಮಾತ್ರ 1899ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿದ ಮಾತೇ ಗತಿ: ಬರೆದದ್ದೇ ಬರೆದದ್ದು, ಮನಸ್ಸಿನಲ್ಲಿ ಬೇರೆ ಇತ್ತು ಅನ್ನುವ ಬಾಯಿಮಾತು ನಡೆಯದು. ಹೊಳೆಯಾಚೆಯ ಬೀಗ ಕೋರ್ಟಿನಲ್ಲಿ "ಇದು ಸಾಲ ರೀ, ಮಾರಿಲ್ಲ" ಅನ್ನಬಹುದಿತ್ತು. ಅವನದೇ ಬೀಗ ಈಚೆ ದಂಡೆಯಲ್ಲಿ ಅದೇ ಮಾತಾಡಿದರೆ ಪತ್ರ ತೋರಿಸಿ ಸುಮ್ಮನಿರಿಸುತ್ತಿದ್ದರು.

1929ರಲ್ಲಿ ಇನ್ನೊಂದು ತಿದ್ದುಪಡಿ. ಮಾರಾಟವೋ ಅಡಮಾನವೋ ಅನ್ನುವ ತಕರಾರು ಕೋರ್ಟುಗಳಲ್ಲಿ ಗುಡ್ಡೆ ಬಿದ್ದಿತ್ತು. ಅದನ್ನು ತೀರಿಸೋಣ ಅಂತ ಒಂದು ಗೆರೆ ಎಳೆದರು. ತಿರುಗಿ ಕೊಡುವ ಷರತ್ತು ಕ್ರಯಪತ್ರದೊಳಗೇ ಇದ್ದರೆ ಅದನ್ನು ಅಡಮಾನ ಅನ್ನಬಹುದು, ಬೇರೆ ಕಾಗದದಲ್ಲಿದ್ದರೆ ಅನ್ನುವ ಹಾಗಿಲ್ಲ. ಮಾಡಿದವರ ಮನಸ್ಸು ಚೆನ್ನಾಗಿಯೇ ಇದ್ದಿರಬೇಕು. ಸಾಹುಕಾರರಿಗೆ ಅದು ಕತ್ತರಿ ಇಟ್ಟುಕೊಟ್ಟ ಹಾಗಾಯಿತು. ಅಡಮಾನ ಅಂತಾದರೆ ಸಾಲಗಾರನಿಗೆ ಬಿಡಿಸಿಕೊಳ್ಳುವ ಹಕ್ಕು ಕಡೆಯವರೆಗೂ ಇರುತ್ತದೆ, ಗಡುವು ಒಂದು ದಿನ ಮೀರಿತು ಅಂತ ಅದು ಸಾಯುವುದಿಲ್ಲ. ಷರತ್ತನ್ನು ಕತ್ತರಿಸಿ ಎರಡನೆಯ ಹಾಳೆಗೆ ಹಾಕಿಬಿಟ್ಟರೆ ಉಳಿಯುವುದು ಮರುಕ್ರಯದ ಕರಾರು ಮಾತ್ರ. ಅದಕ್ಕೆ ಹೇಳಿದ ದಿನವೇ ದಿನ, ದಾವಾ ಹೂಡಲು ಮೂರು ವರ್ಷ, ಆಮೇಲೆ ಮುಗಿಯಿತು. ಅಪ್ಪನ ಕಟ್ಟಿನಲ್ಲಿ ಹಳೆಯ ಮುದ್ದತಿನ ಕ್ರಯಗಳು ಒಂದೇ ಹಾಳೆಯವು. ಮೂವತ್ತರ ದಶಕದಿಂದ ಈಚಿನವು ಜೋಡಿ ಜೋಡಿ. ಮೊದಲನೆಯದಕ್ಕೆ 'ಶುದ್ಧ ಕ್ರಯಪತ್ರ' ಅಂತ ಹೆಸರು, ನೋಂದಣಿ ಆಗುವುದು ಅದೇ. ಎರಡನೆಯದಕ್ಕೆ ಹೆಸರೂ ಇರುವುದಿಲ್ಲ.

1938ರಲ್ಲಿ ರಾಜಾಜಿಯವರ ಸರಕಾರ ಮದ್ರಾಸಿನಲ್ಲಿ ಕೃಷಿಕರ ಪರಿಹಾರ ಕಾಯ್ದೆ ತಂದಿತು. 1932ರ ಅಕ್ಟೋಬರಿಗೆ ಹಿಂದಿನ ಸಾಲಗಳಿಗೆ 1937ರ ಅಕ್ಟೋಬರ್ 1ರವರೆಗಿನ ಬಾಕಿ ಬಡ್ಡಿ ಮನ್ನಾ, ಅಸಲಿನ ಎರಡರಷ್ಟು ಈಗಾಗಲೇ ಮುಟ್ಟಿದ್ದರೆ ಸಾಲವೇ ಚುಕ್ತಾ. ಕೂಡ್ಲಿಗಿಯ ಮಸಾರಿ ಹೊಲದವರು, ಹಡಗಲಿಯ ಎರೆ ಹೊಲದವರು ಕಾಗದ ಹಿಡಿದು ಓಡಾಡಿದ್ದನ್ನು ಅಪ್ಪ ವರ್ಣಿಸುತ್ತಿದ್ದರು. ಸಾಲದ ಪತ್ರ ಇದ್ದವರು ಗೆದ್ದರು. ಕ್ರಯ ಬರೆದುಕೊಟ್ಟವರ ಹತ್ತಿರ ಮನ್ನಾ ಆಗಲು ಸಾಲವೇ ಇರಲಿಲ್ಲ.

ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯ್ದೆ ನನ್ನ ಕಣ್ಣೆದುರಿಗೇ ನಡೆದದ್ದು. ಆಗ ನಾನು ಮೇಜಿಗೆ ಕೂತು ಎರಡು ವರ್ಷ. ಸಣ್ಣ ರೈತರ, ಕೂಲಿಗಳ, ಬಡವರ ಖಾಸಗಿ ಸಾಲ ರದ್ದು, ಒತ್ತೆ ಇಟ್ಟದ್ದು ವಾಪಸು. ತಂಬಿಗೆ, ತಾಳಿ, ಬೆಳ್ಳಿ ಕಡಗ ಮನೆಗೆ ಬಂದವು. ಅತ್ತವರನ್ನೂ ಕಂಡೆ. ಆಮೇಲಿನ ವರ್ಷಗಳಲ್ಲಿ ನನ್ನ ಮೇಜಿಗೆ ಅಡಮಾನ, ಭೋಗ್ಯದ ಗಿರಾಕಿ ಕಡಿಮೆಯಾಗಿ ಶುದ್ಧ ಕ್ರಯದವರು ಹೆಚ್ಚಾದರು. ಕೇಳಿದರೆ ಸಾಹುಕಾರರು ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು: "ಸಾಲ ಅಂತ ಬರದ್ರ ಸರಕಾರ ತಗದ ಹಾಕತೈತಿ. ಕ್ರಯ ಹೆಂಗ ತಗೀತಾರ?"

ಇನ್ನು ನನ್ನ ಪಾಲು. ತೊಂಬತ್ತರ ದಶಕದ ನಡುವಿನಲ್ಲಿ ಒಗ್ಗರಣೆ-ಮೆಣಸಿನಕಾಯಿ ಅಂಗಡಿಯ ಒಬ್ಬ ಹೆಣ್ಣುಮಗಳು ನನ್ನಲ್ಲಿಗೆ ಬಂದಳು. ಗಂಡ ತೀರಿದ್ದ. ಮನೆ ಮೇಲೆ ಒಂದು ಬ್ಯಾಂಕಿನ ಸಾಲ, ಓಣಿಯಲ್ಲಿ ಡಂಗುರ ಹೊಡೆಸಿ ಹರಾಜಿನ ದಿನ ಸಾರಿದ್ದರು. ಡಂಗುರ ಅಂದರೆ ಆಗ ಮಾನ ಹೋದ ಹಾಗೆ. ಜೊತೆಗೆ ಊರಿನ ಒಬ್ಬರು ದೊಡ್ಡವರಿದ್ದರು. ಸಾಲ ತಾವು ತೀರಿಸುವುದು, ಮನೆ ತಮ್ಮ ಹೆಸರಿಗೆ, ಮೂರು ವರ್ಷಕ್ಕೆ ವಾಪಸು. ನಾನು ಶುದ್ಧ ಕ್ರಯಪತ್ರ ಬರೆದೆ. ಎರಡನೆಯ ಹಾಳೆಯನ್ನೂ ಬರೆದೆ, ಹತ್ತು ರೂಪಾಯಿ ಛಾಪಾ ಕಾಗದದ ಮೇಲೆ. ಅವಳ ಹೆಬ್ಬೆಟ್ಟು ಬಿತ್ತು, ಅವರ ರುಜು ಬಿತ್ತು. ಹೊರಡುವಾಗ ಅವರು ಎರಡೂ ಹಾಳೆ ಮಡಚಿ ಜೇಬಿಗಿಟ್ಟುಕೊಂಡು, "ನಿನ್ನ ಹತ್ರ ಎಲ್ಲಿ ಇಡ್ತಿ ತಂಗಿ, ಮನಿ ಸೋರತೈತಿ. ನನ್ನ ತಿಜೋರ್ಯಾಗ ಭದ್ರ ಇರ್ತೈತಿ" ಅಂದರು. ಅವಳು ನನ್ನ ಮುಖ ನೋಡಿದಳು. ನಾನು ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. ಬರಹದ ಕೂಲಿ ಕೊಟ್ಟವರು ಅವರು.

ಮೂರನೆಯ ವರ್ಷ ಅವಳು ಹಣ ಹೊಂದಿಸಿಕೊಂಡು ಹೋದಳು. ಯಾವ ಹಾಳೆ, ಅಂದರು. ನನ್ನ ಹತ್ತಿರ ಬಂದು, "ನೀನ ಬರದೀಯಲ್ಲಪ್ಪಾ, ನಿನಗ ಗೊತ್ತೈತಲ್ಲ" ಅಂದಳು. ಬರೆದದ್ದು ನಿಜ, ನಕಲು ಇಟ್ಟಿರಲಿಲ್ಲ. ಹಾಗೊಂದು ಕಾಗದ ಬರೆದೆ ಅಂತ ನಾಲ್ಕು ಜನರೆದುರು ಹೇಳಬಹುದಿತ್ತು, ಸಾಕ್ಷಿ ಕಟ್ಟೆ ಹತ್ತಬಹುದಿತ್ತು. ದಿನಾ ಹತ್ತು ಕಾಗದ ಬರೀತೀನಿ, ನೆನಪಿಲ್ಲ ತಾಯಿ, ಅಂದೆ. ತೋರಿಕೆಗೆ ಬರೆದ ಕ್ರಯವಾದರೆ ಅದನ್ನು ಬಾಯಿಸಾಕ್ಷಿಯಿಂದ ತೋರಿಸಬಹುದು ಅಂತ ಗಂಗಾಬಾಯಿ-ಛಬುಬಾಯಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆಗಲೇ ಹೇಳಿ ವರ್ಷಗಳಾಗಿದ್ದವು. ಅಲ್ಲೂ ಸಾಲಕ್ಕಾಗಿ ಕ್ರಯ ಬರೆದುಕೊಟ್ಟಿದ್ದ ಹೆಣ್ಣುಮಗಳೇ ಗೆದ್ದದ್ದು. ನನಗೆ ಅದು ಗೊತ್ತಾದದ್ದು ತಡವಾಗಿ. ಗೊತ್ತಿದ್ದರೆ ಬಾಯಿ ಬಿಡುತ್ತಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಆ ಕ್ರಯಪತ್ರ ಕಚೇರಿಯ ಪುಸ್ತಕದಲ್ಲಿದೆ. ಬಿಕ್ಕಲಂ ಎದುರು ನನ್ನ ಹೆಸರಿದೆ.

ಡಂಗುರ ಹೋಗಿ ಈಗ ಗೋಡೆಗಂಟಿಸುವ ನೋಟಿಸು ಬಂದಿದೆ. 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು ಕೋರ್ಟಿಗೆ ಹೋಗದೆಯೇ ಮನೆ ಹಿಡಿಯಬಹುದು. ಆದರೆ ಜನ ಹೆದರಿದಷ್ಟು ಬೇಗ ಅದು ನಡೆಯುವುದಿಲ್ಲ. ಮೂರು ತಿಂಗಳು ಕಂತು ತಪ್ಪಿ ಖಾತೆ ಕೆಡಬೇಕು. ಆಮೇಲೆ ಅರವತ್ತು ದಿನದ ನೋಟಿಸು. ಅದಕ್ಕೆ ತಕರಾರು ಬರೆದುಕೊಟ್ಟರೆ ಬ್ಯಾಂಕು ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ವಶಕ್ಕೆ ತಗೊಂಡರೆ ಎರಡು ಪತ್ರಿಕೆಯಲ್ಲಿ ಹಾಕಿಸಬೇಕು, ಒಂದು ಕನ್ನಡದ್ದಾಗಿರಬೇಕು. ಅದರ ಮೇಲೆ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಲು 45 ದಿನ. ಹರಾಜಿಗೆ ಮತ್ತೆ ನೋಟಿಸು. ಹರಾಜಿನ ಪ್ರಕಟಣೆ ಹೊರಡುವ ತನಕ ಬಾಕಿ ಕಟ್ಟಿ ಬಿಡಿಸಿಕೊಳ್ಳಬಹುದು. ಬಾಕಿ ಒಂದು ಲಕ್ಷದೊಳಗಿದ್ದರೆ, ಇಲ್ಲವೇ ಸ್ವತ್ತು ಕೃಷಿ ಜಮೀನಾದರೆ, ಈ ಕಾಯ್ದೆ ಮುಟ್ಟುವಂತೆಯೇ ಇಲ್ಲ.

'ಸಹಾಯ ಮಾಡುವವರು' ಬರುವುದು ಈ ದಿನಗಳ ಸಂದಿಯಲ್ಲಿ, ಮನೆಯವರಿಗೆ ದಿನ ಎಣಿಸಲು ಬಾರದಿರುವಾಗ. ಕೆಲವರು ಕ್ರಯವನ್ನೂ ಕೇಳುವುದಿಲ್ಲ. ಜಿಪಿಎ ಅನ್ನುವ ಮುಖ್ತಿಯಾರು ಪತ್ರ ಸಾಕು, ಒಂದು ಕ್ರಯದ ಕರಾರು ಸಾಕು, ಎರಡು ಖಾಲಿ ಚೆಕ್ಕಿಗೆ ಸಹಿ ಸಾಕು ಅನ್ನುತ್ತಾರೆ. ಜಿಪಿಎಯಿಂದ ಸ್ವತ್ತಿನ ಒಡೆತನ ಹೋಗುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಜಿಪಿಎ ಹಿಡಿದವನು ನಿಮ್ಮ ಹೆಸರಿನಲ್ಲೇ ತನ್ನ ಭಾವಮೈದುನನಿಗೆ ಕ್ರಯ ಮಾಡಿಕೊಟ್ಟರೆ, ನೀವು ಕೋರ್ಟು ಅಲೆಯಬೇಕು. ಚೆಕ್ಕು ಬೌನ್ಸಾದರೆ ಆರೋಪಿಯ ಜಾಗದಲ್ಲಿ ನಿಲ್ಲುವವರೂ ನೀವೇ. 2025ರ ಫೆಬ್ರವರಿಯಲ್ಲಿ ಸರಕಾರ ಕಿರುಸಾಲದ ಕಿರುಕುಳಕ್ಕೆ ಸುಗ್ರೀವಾಜ್ಞೆ ತಂದಿತು, ಸಾಲಕ್ಕೆ ಅಡಮಾನ ಕೇಳಬಾರದು ಅಂತ, ಹತ್ತು ವರ್ಷದವರೆಗೆ ಜೈಲು ಅಂತ. ಬೇಕಾಗಿತ್ತು, ಬಂತು. ಶುದ್ಧ ಕ್ರಯ ಬರೆಸಿಕೊಂಡವನು "ನಾನೆಲ್ಲಿ ಸಾಲ ಕೊಟ್ಟೆ? ಮನೆ ಕೊಂಡೆ" ಅಂದರೆ ಅದನ್ನೂ ದಾಟಿಕೊಳ್ಳಲು ನೋಡುತ್ತಾನೆ. 1938ರಲ್ಲಿ ದಾಟಿದ ದಾರಿಯೇ.

ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ನೋಟಿಸಿನ ತಾರೀಖು ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿದೆ. ಹತ್ತೊಂಬತ್ತು ದಿನ ಆಗಿತ್ತು, ಇನ್ನೂ ನಲವತ್ತೊಂದು ದಿನ ಇತ್ತು. ಅವನು ನಾಳೆಯೇ ಬೀಗ ಹಾಕುತ್ತಾರೆ ಅಂದುಕೊಂಡಿದ್ದ. ಹಾಗಂತ ಅವನಿಗೆ ಹೇಳಿದ್ದು ಆ ಸಹಾಯ ಮಾಡುವವರೇ. ಬಾಕಿ ಮೊತ್ತ ಕೂಡ ಅವನು ಸರಿಯಾಗಿ ಓದಿರಲಿಲ್ಲ. ಕರಡಿನಲ್ಲಿ ಬರೆದ ಕ್ರಯದ ಹಣ ಆ ಬಾಕಿಗಿಂತ ಹೆಚ್ಚೇನಿರಲಿಲ್ಲ, ಮನೆಯ ಬೆಲೆ ಅದರ ಮೂರರಷ್ಟಾದರೂ ಆದೀತು.

ಆಮೇಲೆ ಕರಡನ್ನು ಆ ತಾಯಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳಿಗೆ ಅಕ್ಷರ ಬರುವುದಿಲ್ಲ. ನೋಂದಣಿಯ ಹೊತ್ತಿಗೆ "ಓದಿ ಹೇಳಿದ್ದನ್ನು ಕೇಳಿ ಒಪ್ಪಿರುತ್ತೇನೆ" ಅಂತ ನಾವು ಬರೆಯುವ ಸಾಲನ್ನು ಅವತ್ತು ಒಂದು ಸಲವಾದರೂ ನಿಜ ಮಾಡೋಣ ಅನ್ನಿಸಿತ್ತು. ಚಕ್ಕುಬಂದಿ ಬಂದಾಗ, "ಹೌದು, ಮೂಡಲಕ್ಕ ಅವ್ರ ಮನಿ, ಬಡಗಲಕ್ಕ ಓಣಿ" ಅಂತ ತಲೆಯಾಡಿಸಿದಳು. ಹಕ್ಕುಬಾಧ್ಯತೆ ಇರುವುದಿಲ್ಲ ಅನ್ನುವಲ್ಲಿ ಸುಮ್ಮನಾದಳು. ಕೊನೆಯವರೆಗೂ ಕೇಳಿ, "ಅಷ್ಟನ?" ಅಂದಳು.

"ಅಷ್ಟ."

"ತಿರುಗಿ ಬರಕೊಡ್ತೀವಿ ಅನ್ನೋದು ಎಲ್ಲೈತ್ರಿ?"

ಹುಡುಗ ಅಂದ, "ಅದು ಬ್ಯಾರೆ ಹಾಳ್ಯಾಗ ಬರಕೊಡ್ತಾರವ್ವ, ಆಮ್ಯಾಲೆ."

ಅವಳು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದುಮುಂದು ತಿರುವಿ ನೋಡಿ, ಮಡಚಿ ಮಗನ ಚೀಲಕ್ಕೆ ಹಾಕದೆ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬ್ಯಾಂಕಿನ ಮ್ಯಾನೇಜರಿಗೆ ಒಂದು ಅರ್ಜಿ ಬರೆದುಕೊಟ್ಟೆ: ಕಂತು ತಪ್ಪಿದ ಕಾರಣ, ಈಗ ಕಟ್ಟಬಹುದಾದ ಮೊತ್ತ, ಉಳಿದದ್ದಕ್ಕೆ ಅವಧಿ ಕೇಳಿ, ಆಗದಿದ್ದರೆ ಒಂದೇ ಗಂಟಿನ ಇತ್ಯರ್ಥಕ್ಕೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಬ್ಯಾಂಕಿನ ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬರಬೇಕು ಅಂತ ಮೂರು ಸಲ ಹೇಳಿದೆ. ಕೊನೆಯಲ್ಲಿ ಬಿಕ್ಕಲಂ ಅಂತ ಹಾಕಿ ನನ್ನ ಹೆಸರು ಬರೆದೆ. ಅರ್ಜಿಗೆ ಅದರ ಅಗತ್ಯವೇನೂ ಇಲ್ಲ.

ಕೂಲಿ ಎಷ್ಟು ಅಂತ ಕೇಳಿದರು. ಬೇಡ ಅಂದೆ. ಎರಡೂವರೆ ಬಸ್ಸಿಗೆ ಹೋದರು. ಮೊಹರು ಬಿದ್ದ ಪ್ರತಿಯ ಫೋಟೊವನ್ನು ಹುಡುಗ ಮರುದಿನ ನನ್ನ ಮೊಮ್ಮಗಳ ಫೋನಿಗೆ ಕಳಿಸಿದ್ದ. ಹೆಬ್ಬೆಟ್ಟಿನ ಅಂಚು ಸ್ವಲ್ಪ ಕಲಸಿತ್ತು.